ಡಿಸೆಂಬರ್‌ನಲ್ಲಿ ಮಧ್ಯ ಯುರೋಪ್: ನ್ಯೂರೆಂಬರ್ಗ್‌ನಿಂದ ಮ್ಯೂನಿಕ್‌ವರೆಗೆ ಆರು ಊರುಗಳ ಪ್ರವಾಸಕ್ಕೆ ಸಮಗ್ರ ಮಾರ್ಗದರ್ಶಿ

ಡಿಸೆಂಬರ್ ರಜೆಗೆ ಯುರೋಪಿಗೆ ಹೋಗೋಣ ಅಂತ ಮನೆಯಲ್ಲಿ ಮಾತು ಬಂದ ಕೂಡಲೇ ಎಲ್ಲರೂ ಮೊದಲು ವಿಮಾನದ ದರ ನೋಡುತ್ತಾರೆ. ಆಮೇಲೆ ಊರುಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಪ್ಯಾರಿಸ್ ಬಿಡೋಕಾಗುತ್ತಾ? ಸ್ವಿಟ್ಜರ್‌ಲೆಂಡ್? ಅಷ್ಟು ದೂರ ಹೋದ ಮೇಲೆ ರೋಮ್? ಬೇಸಿಗೆಯ ಪ್ರವಾಸವಾದರೆ ಹೀಗೆ ಮಾಡಿದರೂ ಹೇಗೋ ನಡೆಯುತ್ತದೆ. ಚಳಿಗಾಲಕ್ಕೆ ನಡೆಯುವುದಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿಗಳ ಬಾಗಿಲು ಹಾಕಿರುತ್ತದೆ. ನೀವು ನೋಡಲು ಹೊರಟ ಕ್ರಿಸ್‌ಮಸ್ ಸಂತೆ ಒಂದು ಊರಲ್ಲಿ 24ಕ್ಕೇ ಮುಗಿದರೆ, ಇನ್ನೊಂದು ಊರಲ್ಲಿ ಜನವರಿ 6ರವರೆಗೂ ಇರುತ್ತದೆ. ಹಾಗಾಗಿ ಮೊದಲು ಕ್ಯಾಲೆಂಡರ್, ಆಮೇಲೆ ಊರು, ಆಮೇಲೆ ಟಿಕೆಟ್.

ಇಲ್ಲಿ ಉದಾಹರಣೆಗೆ ಜರ್ಮನಿ, ಚೆಕ್, ಆಸ್ಟ್ರಿಯಾ ಈ ಮೂರು ದೇಶಗಳ ಒಂದು ದಾರಿ ಹಿಡಿದಿದ್ದೇನೆ. ಒಂದು ಊರಿಂದ ಇನ್ನೊಂದಕ್ಕೆ ರೈಲಲ್ಲೋ ಬಸ್ಸಲ್ಲೋ ಅರ್ಧ ದಿನದೊಳಗೆ ಹೋಗಬಹುದು. ಮೂರಕ್ಕೂ ಒಂದೇ ಶೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ವೀಸಾ) ಸಾಕು. ಕ್ರಿಸ್‌ಮಸ್ ಸಂತೆಗಳ ತವರೂ ಇದೇ.

ಹಂತ 1: ಮೊದಲು 24, 25, 26 ಎಲ್ಲಿ ಅಂತ ತೀರ್ಮಾನಿಸಿ

ನಮ್ಮಲ್ಲಿ ಹಬ್ಬ ಅಂದರೆ ಬೀದಿ ತುಂಬ ಜನ. ಅಲ್ಲಿ ಕ್ರಿಸ್‌ಮಸ್ ಮನೆಯೊಳಗಿನ ಹಬ್ಬ. 24ರ ಮಧ್ಯಾಹ್ನ ಎಲ್ಲರೂ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಾರೆ. ಸಂಜೆ ಆರಕ್ಕೆ ಸಣ್ಣ ಊರಿನ ಚೌಕದಲ್ಲಿ ನಿಂತರೆ ದೀಪ ಮಾತ್ರ ಉರಿಯುತ್ತಿರುತ್ತದೆ, ಮನುಷ್ಯರು ಕಾಣುವುದಿಲ್ಲ. 25, 26 ಎರಡೂ ಸರಕಾರಿ ರಜೆ. ಚೆಕ್‌ನಲ್ಲಿ 24 ಕೂಡ ರಜೆ.

ಹಾಗಾಗಿ ಈ ಮೂರು ದಿನ ದೊಡ್ಡ ಊರಲ್ಲಿ ಇರಿ. ನನ್ನ ಆಯ್ಕೆ ವಿಯೆನ್ನಾ. ಅಲ್ಲಿ ಮೆಟ್ರೋ ಓಡುತ್ತದೆ. ಷೋನ್‌ಬ್ರುನ್ ಅರಮನೆ ವರ್ಷದ 365 ದಿನವೂ ತೆರೆದಿರುತ್ತದೆ. ಸೇಂಟ್ ಸ್ಟೀಫನ್ ಕೆಥೆಡ್ರಲ್‌ನಲ್ಲಿ ನಡುರಾತ್ರಿಯ ಪೂಜೆಗೆ ಯಾರು ಬೇಕಾದರೂ ಹೋಗಬಹುದು, ಆದರೆ ಬೇಗ ಹೋಗಬೇಕು. ಊಟಕ್ಕೂ ಟರ್ಕಿಶ್, ಇಂಡಿಯನ್, ಚೈನೀಸ್ ಹೋಟೆಲುಗಳು ಒಂದಷ್ಟು ತೆರೆದಿರುತ್ತವೆ.

ಇನ್ನು ಸಂತೆಗಳ ಲೆಕ್ಕ. ಉಳಿದ ಪ್ಲಾನ್ ಎಲ್ಲ ನಿಲ್ಲುವುದು ಇದರ ಮೇಲೇ. ನ್ಯೂರೆಂಬರ್ಗ್‌ನ ಸಂತೆ ಮೊದಲ ಅಡ್ವೆಂಟ್ ಭಾನುವಾರದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದು) ಹಿಂದಿನ ಶುಕ್ರವಾರ ಶುರುವಾಗಿ ಡಿಸೆಂಬರ್ 24ಕ್ಕೆ ಮುಗಿಯುತ್ತದೆ. ಮ್ಯೂನಿಕ್‌ನ ಮರಿಯನ್‌ಪ್ಲಾಟ್ಸ್ ಚೌಕದ ಸಂತೆಯೂ 24ಕ್ಕೇ ಕೊನೆ. ವಿಯೆನ್ನಾದ ರಾಟ್‌ಹೌಸ್ (ನಗರಸಭೆ ಕಟ್ಟಡ) ಮುಂದಿನ ದೊಡ್ಡ ಸಂತೆ 26ರವರೆಗೆ. ಸಾಲ್ಜ್‌ಬರ್ಗ್‌ನದು ಹೊಸ ವರ್ಷದ ದಿನದವರೆಗೆ. ಪ್ರಾಗ್‌ನ ಹಳೇ ಪೇಟೆ ಚೌಕದ ಸಂತೆ ಜನವರಿ 6ರವರೆಗೆ. ಆಯಾ ವರ್ಷದ ತಾರೀಖನ್ನು ಊರಿನ ಅಧಿಕೃತ ಪ್ರವಾಸಿ ಜಾಲತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಆದರೆ ಕ್ರಮ ಸ್ಪಷ್ಟ: ಜರ್ಮನಿ ಮೊದಲು, ಆಸ್ಟ್ರಿಯಾ ಆಮೇಲೆ. ಉಲ್ಟಾ ಹೋದರೆ ನ್ಯೂರೆಂಬರ್ಗ್‌ನಲ್ಲಿ ಮಳಿಗೆಗಳ ಹಲಗೆ ಬಿಚ್ಚುವುದನ್ನು ನೋಡಿಕೊಂಡು ಬರಬೇಕಾಗುತ್ತದೆ.

ಹಂತ 2: ದಾರಿ ಹಾಕಿ, ಆಮೇಲೆ ಒಂದು ಊರು ಕಿತ್ತುಹಾಕಿ

ಡಿಸೆಂಬರ್ 17ರಿಂದ ಜನವರಿ 1ರವರೆಗೆ 15 ರಾತ್ರಿ ಸಿಗುತ್ತವೆ ಅಂತ ಇಟ್ಟುಕೊಳ್ಳೋಣ. ಹಂಚಿಕೆ ಹೀಗೆ:

- ನ್ಯೂರೆಂಬರ್ಗ್: 17, 18 (2 ರಾತ್ರಿ)
- ಪ್ರಾಗ್: 19, 20, 21 (3 ರಾತ್ರಿ)
- ಚೆಸ್ಕಿ ಕ್ರುಮ್ಲೊವ್: 22 (1 ರಾತ್ರಿ)
- ವಿಯೆನ್ನಾ: 23, 24, 25, 26 (4 ರಾತ್ರಿ)
- ಸಾಲ್ಜ್‌ಬರ್ಗ್: 27, 28, 29 (3 ರಾತ್ರಿ)
- ಮ್ಯೂನಿಕ್: 30, 31 (2 ರಾತ್ರಿ)

ವಿಯೆನ್ನಾಕ್ಕೆ 24ರ ಬದಲು 23ಕ್ಕೇ ಬರುವುದಕ್ಕೆ ಕಾರಣ ಇದೆ. ಹಾಲು, ಬ್ರೆಡ್, ಹಣ್ಣು, ಮೊಸರು ಎಲ್ಲ ತಂದಿಟ್ಟುಕೊಳ್ಳಲು ಒಂದು ಸಂಜೆ ಬೇಕು. 24ರ ಬೆಳಿಗ್ಗೆ ಅಂಗಡಿ ತೆರೆದಿದ್ದರೂ ಅಲ್ಲಿಯವರೆಲ್ಲ ಆಗಲೇ ಸಾಲಿನಲ್ಲಿ ನಿಂತಿರುತ್ತಾರೆ.

ಈ ಪಟ್ಟಿ ಕೂಡ ಸ್ವಲ್ಪ ಜಾಸ್ತಿಯೇ. ಮನೆಯ ಹಿರಿಯರೋ ಐದು ವರ್ಷದೊಳಗಿನ ಮಕ್ಕಳೋ ಜೊತೆಗಿದ್ದರೆ ಕ್ರುಮ್ಲೊವ್ ಬಿಟ್ಟು ಆ ರಾತ್ರಿಯನ್ನು ಪ್ರಾಗ್‌ಗೆ ಸೇರಿಸಿ. ಊರು ಬದಲಿಸುವ ದಿನ ಪ್ಯಾಕಿಂಗ್, ಚೆಕ್‌ಔಟ್, ಸ್ಟೇಷನ್, ಮತ್ತೆ ಚೆಕ್‌ಇನ್ ಅಂತ ಕನಿಷ್ಠ ಐದು ಗಂಟೆ ಹೋಗುತ್ತದೆ. ಹಗಲು ಇರುವುದೇ ಎಂಟು ಗಂಟೆ. ಲೆಕ್ಕ ಹಾಕಿ ನೋಡಿ.

ಪ್ಯಾರಿಸ್, ರೋಮ್ ಇನ್ನೊಮ್ಮೆಗಿರಲಿ. ಅವು ಬೇರೆ ದಿಕ್ಕು.

ಹಂತ 3: ವೀಸಾ. ಜುಲೈನಲ್ಲೇ ಯೋಚಿಸಿ

ಶೆಂಗನ್ ವೀಸಾಕ್ಕೆ ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರಾ ಕೊನೆಯೆಂದರೆ 15 ದಿನ ಮುಂಚೆ, ಆದರೆ ಆ ಧೈರ್ಯ ಮಾಡಬೇಡಿ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಹೇಳುತ್ತಾರೆ. ಹೆಚ್ಚಿನ ವಿಚಾರಣೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಡಿಸೆಂಬರ್ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಗಿಸಿಬಿಟ್ಟರೆ ಒಳ್ಳೆಯದು. ಅಷ್ಟು ದಿನ ಪಾಸ್‌ಪೋರ್ಟ್ ಅವರ ಕೈಯಲ್ಲೇ ಇರುತ್ತದೆ ಅನ್ನುವುದನ್ನು ಮರೆಯಬೇಡಿ. ನಡುವೆ ಆಫೀಸ್ ಕೆಲಸಕ್ಕೆ ಸಿಂಗಪುರಕ್ಕೋ ದುಬೈಗೋ ಹೋಗಬೇಕಾದವರು ದಿನ ನೋಡಿ ಅರ್ಜಿ ಹಾಕಿ.

ಯಾವ ದೇಶಕ್ಕೆ ಅರ್ಜಿ? ಇದರಲ್ಲೇ ಜನ ಗೊಂದಲ ಮಾಡಿಕೊಳ್ಳುವುದು. ನಿಯಮ ಸರಳ: ಎಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ. ದಿನಗಳು ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಪಟ್ಟಿಯಲ್ಲಿ ಜರ್ಮನಿಗೆ 4 ರಾತ್ರಿ, ಚೆಕ್‌ಗೆ 4, ಆಸ್ಟ್ರಿಯಾಕ್ಕೆ 7. ವಿಮಾನ ಇಳಿಯುವುದು ಜರ್ಮನಿಯಲ್ಲಾದರೂ ಅರ್ಜಿ ಆಸ್ಟ್ರಿಯಾಕ್ಕೇ ಹೋಗಬೇಕು. ಬೇಗ ಅಪಾಯಿಂಟ್‌ಮೆಂಟ್ ಸಿಕ್ಕಿತು ಅಂತ ಬೇರೆ ದೇಶಕ್ಕೆ ಹಾಕಿದರೆ ಅರ್ಜಿ ತಿರುಗಿ ಬರಬಹುದು.

ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಆರರೊಳಗಿನವರಿಗೆ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಅಲ್ಲಿ ಫಾರ್ಮ್ ತುಂಬಿಕೊಡುತ್ತೇವೆ, ಎಸ್‌ಎಂಎಸ್ ಕಳಿಸುತ್ತೇವೆ, ಲಾಂಜ್‌ನಲ್ಲಿ ಕೂರಿಸುತ್ತೇವೆ ಅಂತ ಒಂದಷ್ಟು ಸೇವೆ ಮಾರಲು ಬರುತ್ತಾರೆ. ಯಾವುದೂ ಕಡ್ಡಾಯವಲ್ಲ, ಯಾವುದರಿಂದಲೂ ವೀಸಾ ಸಿಗುವ ಸಾಧ್ಯತೆ ಹೆಚ್ಚುವುದಿಲ್ಲ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು. ವಾಪಸ್ ಬರುವ ದಿನದ ನಂತರ ಮೂರು ತಿಂಗಳಾದರೂ ಅವಧಿ ಇರಬೇಕು. ಎರಡು ಖಾಲಿ ಪುಟ ಬೇಕು. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು, ಇಡೀ ಶೆಂಗನ್ ಪ್ರದೇಶಕ್ಕೆ ಅನ್ವಯಿಸುವಂಥದ್ದು ಮಾಡಿಸಿ. ಹಿಮದ ಆಟ ಆಡುವ ಯೋಚನೆ ಇದ್ದರೆ ಪಾಲಿಸಿಯಲ್ಲಿ ಅದೂ ಸೇರಿದೆಯೇ ಓದಿ. ಇದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಆಫೀಸಿನ ರಜೆ ಪತ್ರ. ಮಕ್ಕಳಿದ್ದರೆ ಜನನ ಪ್ರಮಾಣಪತ್ರ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಮಾತ್ರ ಹೋಗುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ.

ಕವರ್ ಲೆಟರ್ ಅಂದರೆ ಎರಡು ಪುಟದ ಪ್ರಬಂಧ ಅಲ್ಲ. ಯಾರು ಹೋಗುತ್ತಿದ್ದೀರಿ, ಯಾವ ತಾರೀಖು, ಯಾವ ಊರಲ್ಲಿ ಎಷ್ಟು ರಾತ್ರಿ, ಯಾವ ಹೋಟೆಲ್, ಒಂದು ಊರಿಂದ ಇನ್ನೊಂದಕ್ಕೆ ಹೇಗೆ, ಖರ್ಚು ಯಾರದು, ವಾಪಸ್ ಬಂದು ಏನು ಮಾಡುತ್ತೀರಿ. ಇಷ್ಟು ಒಂದು ಪುಟದಲ್ಲಿ ಬರೆಯಿರಿ. ಅದರಲ್ಲಿನ ತಾರೀಖು, ಹೋಟೆಲ್ ಬುಕಿಂಗ್, ವಿಮಾನದ ರಿಸರ್ವೇಶನ್ ಮೂರೂ ಒಂದಕ್ಕೊಂದು ತಾಳೆಯಾಗಬೇಕು. 22ರ ರಾತ್ರಿಗೆ ಹೋಟೆಲ್ಲೇ ಇಲ್ಲ ಅಂದರೆ ಕಣ್ಣಿಗೆ ಬೀಳುತ್ತದೆ.

ಮೂರು ವರ್ಷದೊಳಗೆ ಎರಡು ಶೆಂಗನ್ ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ ಕೊಡಲು ಅವಕಾಶ ಮಾಡುವ ನಿಯಮ 2024ರ ಏಪ್ರಿಲ್‌ನಲ್ಲಿ ಭಾರತೀಯರಿಗೆ ಬಂದಿದೆ. ಹಳೆಯ ವೀಸಾಗಳ ಪ್ರತಿ ಇದ್ದರೆ ಜೊತೆಗಿಡಿ.

ಹಂತ 4: ವಿಮಾನ

ಒಂದು ಊರಲ್ಲಿ ಇಳಿದು ಇನ್ನೊಂದು ಊರಿಂದ ಹತ್ತಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೂ ಮ್ಯೂನಿಕ್‌ಗೂ ಲುಫ್ತಾನ್ಸಾದ ನೇರ ವಿಮಾನಗಳಿವೆ. ಹಾಗಾಗಿ ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಮ್ಯೂನಿಕ್‌ನಿಂದ ವಾಪಸ್ ಅನ್ನುವುದು ಈ ದಾರಿಗೆ ಸರಿಹೊಂದುತ್ತದೆ. ಬುಕಿಂಗ್ ಜಾಲತಾಣದಲ್ಲಿ ‘ಮಲ್ಟಿ ಸಿಟಿ’ ಆಯ್ಕೆ ಮಾಡಿ ಹುಡುಕಿ. ಎರಡು ಒನ್‌ವೇ ಟಿಕೆಟ್ ಬೇರೆ ಬೇರೆ ತೆಗೆದರೆ ದುಬಾರಿ. ಕೊಲ್ಲಿಯ ಕಂಪನಿಗಳಲ್ಲಿ ಒಂದು ನಿಲುಗಡೆ ಇರುತ್ತದೆ, ದರ ಕೆಲವೊಮ್ಮೆ ಕಡಿಮೆ. ಮೊದಲ ದಿನ ರೈಲಿನ ಪ್ರಯಾಣವೂ ಇರುವುದರಿಂದ ಬೆಳಿಗ್ಗೆ ಇಳಿಯುವ ವಿಮಾನವನ್ನೇ ನೋಡಿ.

ವೀಸಾ ಅರ್ಜಿಗೆ ವಿಮಾನದ ರಿಸರ್ವೇಶನ್ ತೋರಿಸಿದರೆ ಸಾಕು. ವೀಸಾ ಬರುವ ಮುಂಚೆ ರದ್ದು ಮಾಡಲಾಗದ ಟಿಕೆಟ್ ಕೊಳ್ಳಬೇಡಿ.

ಹಂತ 5: ಹೋಟೆಲ್, ಮಹಡಿಯ ಲೆಕ್ಕ ಸಮೇತ

ಉಚಿತವಾಗಿ ರದ್ದು ಮಾಡಬಹುದಾದ ಕೋಣೆಗಳನ್ನೇ ಜುಲೈ ಆಗಸ್ಟ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ನ್ಯೂರೆಂಬರ್ಗ್‌ನಲ್ಲಿ ಸಂತೆಯ ವಾರಾಂತ್ಯಗಳಲ್ಲಿ ದರ ಏರುತ್ತದೆ. ವಾರದ ನಡುವಿನ ದಿನ ಹೊಂದಿಸಿಕೊಂಡರೆ ಉಳಿತಾಯ. ಜಾಗ ಆರಿಸುವಾಗ ನನ್ನ ಒಂದೇ ನಿಯಮ: ರೈಲ್ವೆ ಸ್ಟೇಷನ್‌ನಿಂದ ನಡೆದು ಅಥವಾ ಒಂದೇ ಟ್ರಾಮ್‌ನಲ್ಲಿ ತಲುಪುವಂತಿರಬೇಕು. ಕಲ್ಲು ಹಾಸಿದ ಹಳೇ ಪೇಟೆಯ ಬೀದಿಯಲ್ಲಿ ಟ್ರಾಲಿ ಎಳೆದು ನೋಡಿದವರಿಗೆ ಇದರ ಬೆಲೆ ಗೊತ್ತು.

ವಿಯೆನ್ನಾದಲ್ಲಿ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ತೆಗೆದುಕೊಳ್ಳಿ. ಹಬ್ಬದ ಮೂರು ದಿನ ಅನ್ನ, ತಿಳಿಸಾರು ಮಾಡಿಕೊಳ್ಳಬಹುದು. ಆದರೆ ಲಿಫ್ಟ್ ಇದೆಯೇ ಅಂತ ಬರೆದು ಕೇಳಿ. ಅಲ್ಲಿನ ಹಳೇ ಕಟ್ಟಡಗಳಲ್ಲಿ ನೆಲಮಹಡಿಗೂ ಒಂದನೇ ಮಹಡಿಗೂ ನಡುವೆ ‘ಹೋಖ್‌ಪಾರ್ಟೆರ್’, ‘ಮೆಜನಿನ್’ ಅಂತ ಎಣಿಕೆಗೆ ಬರದ ಮಹಡಿಗಳಿರುತ್ತವೆ. ‘ಮೂರನೇ ಮಹಡಿ’ ಅಂತ ಬರೆದದ್ದು ಮೆಟ್ಟಿಲು ಹತ್ತುವಾಗ ಐದನೆಯದಾಗಿರುತ್ತದೆ. ಮೊಣಕಾಲು ನೋವಿರುವ ಅಮ್ಮನಿಗೆ ಅದು ಸಣ್ಣ ವಿಷಯವಲ್ಲ.

ಇನ್ನೊಂದು: ಮ್ಯೂನಿಕ್‌ನಲ್ಲಿ 31ರ ರಾತ್ರಿ ಪಟಾಕಿ ಜೋರು. ನಮ್ಮ ದೀಪಾವಳಿಯಂತೆಯೇ, ಆದರೆ ಎಲ್ಲ ಸೇರಿ ಒಂದೇ ರಾತ್ರಿಗೆ. ಪುಟ್ಟ ಮಕ್ಕಳಿದ್ದರೆ ಬೀದಿ ಕಡೆ ಕಿಟಕಿಯಿಲ್ಲದ ಕೋಣೆ ಕೇಳಿ.

ಹಂತ 6: ರೈಲು, ಬಸ್ಸು

ಆಗಸ್ಟ್‌ನಲ್ಲಿ ಕೂತು ಡಿಸೆಂಬರ್ 27ರ ರೈಲು ಹುಡುಕಿದರೆ ಕೆಲವೊಮ್ಮೆ ಏನೂ ಕಾಣುವುದಿಲ್ಲ. ಗಾಬರಿಯಾಗಬೇಡಿ. ಯುರೋಪಿನ ರೈಲ್ವೆ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಎರಡನೇ ಶನಿವಾರದ ರಾತ್ರಿ ಬದಲಾಗುತ್ತದೆ. ಆಚೆಗಿನ ದಿನಗಳ ಬುಕಿಂಗ್ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ತೆರೆದುಕೊಳ್ಳುತ್ತದೆ. ತೆರೆದ ಕೂಡಲೇ ತೆಗೆದುಕೊಂಡರೆ ಅಗ್ಗ. ಜರ್ಮನಿಯಲ್ಲಿ ಅಗ್ಗದ ಟಿಕೆಟ್‌ಗೆ ‘ಶ್ಪಾರ್‌ಪ್ರೈಸ್’ ಅಂತಲೂ ಆಸ್ಟ್ರಿಯಾದಲ್ಲಿ ‘ಶ್ಪಾರ್‌ಶೀನ’ ಅಂತಲೂ ಹೆಸರು. ಇವು ಒಂದು ನಿರ್ದಿಷ್ಟ ರೈಲಿಗೆ ಮಾತ್ರ, ರೈಲು ತಪ್ಪಿದರೆ ಟಿಕೆಟ್ ಹೋಯಿತು.

ಫ್ರಾಂಕ್‌ಫರ್ಟ್‌ನಿಂದ ನ್ಯೂರೆಂಬರ್ಗ್‌ಗೆ ವೇಗದ ಐಸಿಇ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಈ ಒಂದಕ್ಕೆ ಮಾತ್ರ ನಿರ್ದಿಷ್ಟ ರೈಲಿನ ಟಿಕೆಟ್ ಬೇಡ. ವಿಮಾನ ತಡವಾಗಬಹುದು. 2025ರ ಅಕ್ಟೋಬರ್ 12ರಂದು ಶುರುವಾದ ಹೊಸ ಗಡಿ ವ್ಯವಸ್ಥೆಯಲ್ಲಿ ಮೊದಲ ಸಲ ಬರುವವರ ಫೋಟೋ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಸಾಲು ನಿಧಾನ. ಯಾವ ರೈಲಿಗಾದರೂ ನಡೆಯುವ ಮಾಮೂಲಿ ಟಿಕೆಟ್ ತೆಗೆದುಕೊಳ್ಳಿ.

ನ್ಯೂರೆಂಬರ್ಗ್‌ನಿಂದ ಪ್ರಾಗ್‌ಗೆ ರೈಲಿಗಿಂತ ಬಸ್ಸೇ ವಾಸಿ. ನೇರ ಬಸ್ಸಿಗೆ ಸುಮಾರು ನಾಲ್ಕು ಗಂಟೆ. ಪ್ರಾಗ್‌ನಿಂದ ಕ್ರುಮ್ಲೊವ್‌ಗೂ ಬಸ್ಸೇ, ಸುಮಾರು ಮೂರು ಗಂಟೆ. ಅಂಡೆಲ್ ಮೆಟ್ರೋ ಪಕ್ಕದ ನಾ ಕ್ನೀಜೆತ್ಸಿ ನಿಲ್ದಾಣದಿಂದ ಹೊರಡುತ್ತದೆ. ಕ್ರುಮ್ಲೊವ್‌ನಿಂದ ವಿಯೆನ್ನಾಕ್ಕೆ ಹೋಟೆಲಿನಿಂದ ಹೋಟೆಲಿಗೆ ಬಿಡುವ ವ್ಯಾನ್‌ಗಳಿವೆ, ನಾಲ್ಕು ಜನರ ಕುಟುಂಬಕ್ಕೆ ಅದೇ ಸುಖ. ಕ್ರುಮ್ಲೊವ್ ಬಿಟ್ಟವರು ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆಯ ನೇರ ರೈಲು ಹಿಡಿಯಬಹುದು. ಟಿಕೆಟ್ ದರವನ್ನು ಚೆಕ್ ರೈಲ್ವೆ, ಆಸ್ಟ್ರಿಯಾ ರೈಲ್ವೆ ಎರಡರ ಜಾಲತಾಣದಲ್ಲೂ ನೋಡಿ. ಒಂದೇ ರೈಲಿಗೆ ಎರಡು ಕಡೆ ಬೇರೆ ದರ ಇರುವುದುಂಟು.

ವಿಯೆನ್ನಾದಿಂದ ಸಾಲ್ಜ್‌ಬರ್ಗ್‌ಗೆ ಎರಡೂವರೆ ಗಂಟೆ. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ‘ಬಯರ್ನ್ ಟಿಕೆಟ್’ ತೆಗೆದುಕೊಳ್ಳಿ. ಬವೇರಿಯಾದ ಪ್ರಾದೇಶಿಕ ರೈಲುಗಳಿಗೆ ಸಲ್ಲುವ ದಿನದ ಟಿಕೆಟ್ ಅದು. ಸಾಲ್ಜ್‌ಬರ್ಗ್ ಆಸ್ಟ್ರಿಯಾದಲ್ಲಿದ್ದರೂ ಅದರೊಳಗೆ ಸೇರಿದೆ. ಒಂದೇ ಟಿಕೆಟ್‌ನಲ್ಲಿ ಐದು ಜನದವರೆಗೆ ಹೋಗಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಮಾತ್ರ. ವೇಗದ ರೈಲುಗಳಲ್ಲಿ ನಡೆಯುವುದಿಲ್ಲ. ಗಡಿ ದಾಟಿದ ಮೇಲೆ ಜರ್ಮನ್ ಪೊಲೀಸರು ಪಾಸ್‌ಪೋರ್ಟ್ ಕೇಳಬಹುದು, ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇದೆ ಅಂತಲ್ಲ. ಅಲ್ಲಿ ಸೀಟು ಕಾಯ್ದಿರಿಸುವುದು ಪ್ರತ್ಯೇಕ, ಕೆಲವೇ ಯೂರೋ ಆಗುತ್ತದೆ. 23, 27ರಂಥ ದಿನಗಳಲ್ಲಿ ಅದನ್ನು ಉಳಿಸಲು ಹೋಗಬೇಡಿ. ಪ್ಲಾಟ್‌ಫಾರ್ಮ್‌ನಲ್ಲಿ ಎ, ಬಿ, ಸಿ ಅಂತ ಅಕ್ಷರಗಳ ಫಲಕ ತೂಗುತ್ತಿರುತ್ತದೆ. ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆ ಅಂತ ಡಿಸ್‌ಪ್ಲೇಯಲ್ಲಿ ನೋಡಿ ಅಲ್ಲೇ ನಿಂತಿರಿ. ರೈಲು ಎರಡು ನಿಮಿಷ ನಿಂತರೆ ಹೆಚ್ಚು. ಎತ್ತಿಕೊಡಲು ಕೂಲಿಯವರು ಇರುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಒಂದು ಟ್ರಾಲಿ, ಒಂದು ಬೆನ್ನುಚೀಲ. ಅದಕ್ಕಿಂತ ಜಾಸ್ತಿ ಬೇಡ.

ಹಂತ 7: ಚಳಿಗೆ ಉಡುಪು

ನಗರಗಳಲ್ಲಿ ಹಗಲು ಸೊನ್ನೆಯಿಂದ ನಾಲ್ಕೈದು ಡಿಗ್ರಿ, ರಾತ್ರಿ ಸೊನ್ನೆಗಿಂತ ಕೆಳಗೆ. ಒಂದೇ ದಪ್ಪ ಕೋಟು ಹಾಕಿ ಹೊರಡುವವರು ಕಷ್ಟಪಡುತ್ತಾರೆ. ಹೊರಗೆ ಸೊನ್ನೆ ಇದ್ದರೆ ಅಂಗಡಿ, ಮೆಟ್ರೋ, ಮ್ಯೂಸಿಯಂ ಒಳಗೆ ಇಪ್ಪತ್ತರ ಮೇಲಿರುತ್ತದೆ. ದಿನಕ್ಕೆ ಹತ್ತು ಸಲ ಬಿಚ್ಚಿ ಹಾಕಬೇಕು. ಮೈಗಂಟುವ ಥರ್ಮಲ್, ಮೇಲೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್, ಅದರ ಮೇಲೆ ಗಾಳಿ ನೀರು ತಡೆಯುವ ಜಾಕೆಟ್. ಈ ಮೂರು ಪದರ ಸಾಕು. ಒಳಗಿನ ಪದರ ಹತ್ತಿಯದು ಬೇಡ. ಬೆವರಿದರೆ ಒಣಗುವುದಿಲ್ಲ, ನಿಂತ ಕೂಡಲೇ ಚಳಿ ಹಿಡಿಯುತ್ತದೆ.

ದುಡ್ಡು ಹಾಕುವುದಾದರೆ ಶೂಗೆ ಹಾಕಿ. ನೀರು ಇಳಿಯದ, ಅಡಿ ಜಾರದ, ಉಣ್ಣೆ ಕಾಲುಚೀಲ ಹಾಕಿದರೂ ಬೆರಳಾಡಿಸಲು ಜಾಗ ಇರುವ ಶೂ. ಹೊರಡುವ ಒಂದು ತಿಂಗಳ ಮುಂಚೆ ಕೊಂಡು ಇಲ್ಲೇ ದಿನಾ ವಾಕಿಂಗ್‌ಗೆ ಹಾಕಿ ಪಳಗಿಸಿ. ಸಂತೆಯಲ್ಲಿ ಗಂಟೆಗಟ್ಟಲೆ ತಣ್ಣನೆಯ ಕಲ್ಲಿನ ಮೇಲೆ ನಿಂತಿರುತ್ತೀರಿ, ಚಳಿ ಹತ್ತುವುದೇ ಪಾದದಿಂದ.

ಕಿವಿ ಮುಚ್ಚುವ ಟೋಪಿ, ಕೈಗವಸು, ಮಫ್ಲರ್ ಬೇಕೇ ಬೇಕು. ತುಟಿಗೆ, ಕೈಗೆ ಕ್ರೀಮ್ ಇರಲಿ. ಕೊಬ್ಬರಿ ಎಣ್ಣೆ ಒಯ್ದರೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂರುತ್ತದೆ, ಡಬ್ಬಿಯಲ್ಲಿ ತುಂಬಿ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಒಳಗಿನ ಜೇಬಿನಲ್ಲಿಡಿ.

ಹಂತ 8: ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಸೂಟ್‌ಕೇಸಿನಲ್ಲಿ ಏನು ಒಯ್ಯಬಹುದು ಅನ್ನುವುದರಿಂದ ಶುರು ಮಾಡೋಣ. ಹೊರಗಿನ ದೇಶಗಳಿಂದ ಯುರೋಪಿಯನ್ ಒಕ್ಕೂಟದೊಳಕ್ಕೆ ಮಾಂಸದ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬ, ಪನೀರ್ ಇರುವ ರೆಡಿ ಪ್ಯಾಕೆಟ್ ಇಲ್ಲೇ ಬಿಡಿ. ಹಸಿ ಹಣ್ಣು ತರಕಾರಿಗೂ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಅಂದರೆ ತೆಂಗಿನಕಾಯಿ ಒಯ್ಯಬಹುದು, ಹಸಿ ಕರಿಬೇವು ಒಯ್ಯುವಂತಿಲ್ಲ! ಅವಲಕ್ಕಿ, ರವೆ, ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಇವಕ್ಕೆ ಅಡ್ಡಿ ಇಲ್ಲ.

ಸಂತೆಗಳಲ್ಲಿ ಸಾಸೇಜಿನ ಹೊಗೆಯೇ ಹೆಚ್ಚು. ಆದರೂ ತಿನ್ನಲು ಸಾಕಷ್ಟಿದೆ. ಹುರಿದ ಚೆಸ್ಟ್‌ನಟ್ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಕೈಯೂ ಬೆಚ್ಚಗಾಗುತ್ತದೆ. ಚೀಸ್ ಮತ್ತು ಹುರಿದ ಈರುಳ್ಳಿ ಹಾಕಿದ ನೂಡಲ್ಸ್ ‘ಕೇಸೆಶ್ಪೆಟ್ಸ್ಲೆ’, ಆಲೂಗಡ್ಡೆ ತುರಿದು ಮಾಡುವ ‘ಕಾರ್ಟೋಫೆಲ್‌ಪುಫರ್’, ಎಣ್ಣೆಯಲ್ಲಿ ಕರಿದ ರೊಟ್ಟಿ ‘ಲಾಂಗೋಶ್’, ಪ್ಯಾನ್‌ಕೇಕ್ ಹರಿದು ಸಕ್ಕರೆ ಉದುರಿಸಿದ ‘ಕೈಸರ್‌ಶ್ಮಾರ್ನ್’ ಎಲ್ಲ ಹೊಟ್ಟೆ ತುಂಬಿಸುತ್ತವೆ. ಕೊನೆಯದರಲ್ಲಿ ಮೊಟ್ಟೆ ಇರುತ್ತದೆ, ಶ್ಪೆಟ್ಸ್ಲೆ ಹಿಟ್ಟಿನಲ್ಲೂ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಎರಡು ಪ್ರಶ್ನೆ ಕೇಳಲೇಬೇಕು. ಸೂಪಿನ ಸಾರು ಮಾಂಸದ್ದೇ? ಕರಿದದ್ದು ಹಂದಿ ಕೊಬ್ಬಿನಲ್ಲೇ? ತರಕಾರಿ ಸೂಪ್ ಅಂತ ಬರೆದ ಕಡೆಯೂ ಬುಡದಲ್ಲಿ ಮಾಂಸದ ಸಾರಿರುವುದು ಅಲ್ಲಿ ಮಾಮೂಲಿ. ಪ್ರಶ್ನೆಯನ್ನು ಜರ್ಮನ್, ಚೆಕ್ ಎರಡರಲ್ಲೂ ಬರೆದು ಫೋನಿನಲ್ಲಿ ಇಟ್ಟುಕೊಳ್ಳಿ.

‘ಗ್ಲೂವೈನ್’ ಅಂದರೆ ಮಸಾಲೆ ಹಾಕಿ ಕಾಯಿಸಿದ ವೈನ್. ಬೇಡದವರಿಗೆ, ಮಕ್ಕಳಿಗೆ ‘ಕಿಂಡರ್‌ಪುನ್ಶ್’ ಇದೆ, ಹಣ್ಣಿನ ರಸದ್ದು. ಜರ್ಮನಿ, ಆಸ್ಟ್ರಿಯಾದಲ್ಲಿ ಪಿಂಗಾಣಿ ಮಗ್‌ಗೆ ಮುಂಗಡ ಹಿಡಿದುಕೊಳ್ಳುತ್ತಾರೆ. ಮಗ್ ವಾಪಸ್ ಕೊಟ್ಟರೆ ದುಡ್ಡು ವಾಪಸ್. ಇಷ್ಟವಾದರೆ ಮನೆಗೇ ತರಬಹುದು. ಆ ವರ್ಷದ್ದೇ ಚಿತ್ರ ಇರುವ ಮಗ್, ಫ್ರಿಜ್ ಮ್ಯಾಗ್ನೆಟ್‌ಗಿಂತ ಎಷ್ಟೋ ಮೇಲು.

ಹಂತ 9: ಪ್ರತಿ ಊರಲ್ಲಿ ದಿನ ಕಳೆಯುವ ರೀತಿ

ಎಲ್ಲ ಊರಿಗೂ ಒಂದೇ ಸೂತ್ರ: ಬಯಲಿನಲ್ಲಿ ನೋಡುವುದನ್ನೆಲ್ಲ ಮೂರೂವರೆಯೊಳಗೆ ಮುಗಿಸಿ, ಸಂತೆಗೆ ಕತ್ತಲಾದ ಮೇಲೆ ಹೋಗಿ. ನಡುವೆ ಒಂದು ಗಂಟೆ ಕೋಣೆಗೆ ಬಂದು ಕಾಲು ಚಾಚಿ. ಭಾನುವಾರ ಜರ್ಮನಿ, ಆಸ್ಟ್ರಿಯಾದಲ್ಲಿ ಅಂಗಡಿಗಳಿಗೆ ರಜೆ. ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಸೂಪರ್‌ಮಾರ್ಕೆಟ್ ಮಾತ್ರ ಕೈಹಿಡಿಯುತ್ತದೆ.

ನ್ಯೂರೆಂಬರ್ಗ್‌ನ ಹೌಪ್ಟ್‌ಮಾರ್ಕ್ಟ್ ಚೌಕದ ಮಳಿಗೆಗಳಿಗೆ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಮಾಡು. ಒಣಗಿದ ಪ್ಲಮ್ ಹಣ್ಣು ಪೋಣಿಸಿ ಮಾಡಿದ ಗೊಂಬೆಗಳು ಅಲ್ಲಿಯ ವಿಶೇಷ, ಜೊತೆಗೆ ‘ಲೆಬ್‌ಕೂಖನ್’ ಅನ್ನುವ ಮಸಾಲೆ ಕೇಕು. ಅದು ತಿಂಗಳುಗಟ್ಟಲೆ ಕೆಡುವುದಿಲ್ಲ, ನೆಂಟರಿಗೆ ಹಂಚಲು ಇದನ್ನೇ ತನ್ನಿ. ಇತಿಹಾಸದಲ್ಲಿ ಆಸಕ್ತಿ ಇದ್ದರೆ ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ 600ನೇ ನಂಬರಿನ ಕೋರ್ಟ್ ಹಾಲ್ ನೋಡಬಹುದು.

ಪ್ರಾಗ್‌ನಲ್ಲಿ ಚಳಿಗಾಲದ ದೊಡ್ಡ ಲಾಭ ಒಂದಿದೆ. ಸೂರ್ಯ ಹುಟ್ಟುವುದೇ ಎಂಟರ ಆಸುಪಾಸಿಗೆ. ಬೇಸಿಗೆಯಲ್ಲಿ ಖಾಲಿ ಚಾರ್ಲ್ಸ್ ಸೇತುವೆ ನೋಡಲು ನಾಲ್ಕೂವರೆಗೆ ಏಳಬೇಕು. ಡಿಸೆಂಬರ್‌ನಲ್ಲಿ ಕಾಫಿ ಕುಡಿದು ಏಳೂವರೆಗೆ ಹೊರಟರೆ ಸಾಕು. 20ರ ಹೊತ್ತಿಗೆ ಬೀದಿ ಬದಿಯಲ್ಲಿ ದೊಡ್ಡ ನೀಲಿ ತೊಟ್ಟಿಗಳು ಕಾಣಿಸಿಕೊಳ್ಳುತ್ತವೆ. ಒಳಗೆ ಜೀವಂತ ಕಾರ್ಪ್ ಮೀನು. ಚೆಕ್ಕರ ಹಬ್ಬದ ಊಟ ಹುರಿದ ಕಾರ್ಪ್ ಮತ್ತು ಆಲೂಗಡ್ಡೆ ಸಲಾಡ್. ಮೀನಿನವನು ಬಲೆ ಹಾಕಿ ಎತ್ತಿ, ತಕ್ಕಡಿಯಲ್ಲಿಟ್ಟು, ‘ಕೊಯ್ದು ಕೊಡಲಾ, ಹಾಗೇ ಕೊಡಲಾ’ ಅಂತ ಕೇಳುತ್ತಾನೆ. ಕೆಲವು ಮನೆಗಳಲ್ಲಿ ಹಬ್ಬದವರೆಗೆ ಅದನ್ನು ಸ್ನಾನದ ತೊಟ್ಟಿಯಲ್ಲಿ ಬಿಟ್ಟು, ಮಕ್ಕಳು ಅದಕ್ಕೆ ಹೆಸರಿಟ್ಟು, ಕೊನೆಗೆ ಕೊಲ್ಲಲು ಮನಸ್ಸು ಬಾರದೆ ನದಿಗೆ ಬಿಡುವುದೂ ಇದೆಯಂತೆ. ಎಲ್ಲ ಕಡೆ ಮಾರುವ ‘ತ್ರದೆಲ್ನಿಕ್’ ಅನ್ನುವ ಸುರುಳಿ ಸಿಹಿ ಮಾತ್ರ ಪ್ರವಾಸಿಗರಿಗಾಗಿ ಹುಟ್ಟಿದ ‘ಸಂಪ್ರದಾಯ’. ತಿನ್ನಿ, ಚೆನ್ನಾಗಿರುತ್ತದೆ, ಪ್ರಾಚೀನ ಅಂತ ನಂಬಬೇಡಿ.

ಕ್ರುಮ್ಲೊವ್ ಪುಟ್ಟ ಊರು. ವ್ಲ್ತಾವಾ ನದಿ ಅದನ್ನು ಸುತ್ತಿಕೊಂಡು ಹರಿಯುತ್ತದೆ. 1992ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಚಳಿಗಾಲದಲ್ಲಿ ಕೋಟೆಯ ಒಳಗಿನ ಗೈಡೆಡ್ ಟೂರ್ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಹಗಲಿನ ಬಸ್ಸುಗಳು ಹೋದ ಮೇಲಿನ ಸಂಜೆಗಾಗಿ ಒಂದು ರಾತ್ರಿ ಉಳಿಯಬಹುದು.

ವಿಯೆನ್ನಾದಲ್ಲಿ ರಾಟ್‌ಹೌಸ್ ಸಂತೆ ನೋಡಲು ಚೆಂದ, ಕೊಳ್ಳಲು ಶ್ಪಿಟ್ಟೆಲ್‌ಬರ್ಗ್ ಗಲ್ಲಿಗಳು ಉತ್ತಮ. ಕಾಫಿ ಹೌಸ್‌ನಲ್ಲಿ ಒಂದು ‘ಮೆಲಾಂಜ್’ ಹೇಳಿ ಎರಡು ಗಂಟೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ತಟ್ಟೆಯಲ್ಲಿ ಕಾಫಿ ಜೊತೆ ಒಂದು ಲೋಟ ನೀರು ಇಟ್ಟೇ ತರುತ್ತಾರೆ.

ನಗರಗಳಲ್ಲಿ ಡಿಸೆಂಬರ್‌ಗೆ ಹಿಮ ಬಿದ್ದೇ ಬೀಳುತ್ತದೆ ಅಂತಿಲ್ಲ. ಎಷ್ಟೋ ವರ್ಷ ಬರೀ ತುಂತುರು ಮಳೆ. ಮಕ್ಕಳಿಗೆ ಸ್ನೋ ತೋರಿಸುತ್ತೇವೆ ಅಂತ ಮಾತು ಕೊಟ್ಟಿದ್ದರೆ ಬೆಟ್ಟ ಹತ್ತುವ ಒಂದು ದಿನ ಇಟ್ಟುಕೊಳ್ಳಿ. ವಿಯೆನ್ನಾದಿಂದ ಸೆಮರಿಂಗ್‌ಗೆ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ. ಆ ದಾರಿಯೇ ಒಂದು ನೋಟ. 1848ರಿಂದ 1854ರವರೆಗೆ ಕಟ್ಟಿದ, 16 ಕಮಾನು ಸೇತುವೆಗಳಿರುವ, ವಿಶ್ವ ಪರಂಪರೆ ಪಟ್ಟಿಗೆ ಸೇರಿದ ರೈಲುಮಾರ್ಗ ಅದು. ಖಾತ್ರಿ ಹಿಮ ಬೇಕೆಂದರೆ ಮ್ಯೂನಿಕ್ ಕಡೆಯಿಂದ ಗಾರ್ಮಿಶ್ ಮೂಲಕ 2,962 ಮೀಟರ್ ಎತ್ತರದ ತ್ಸುಗ್‌ಶ್ಪಿಟ್ಸೆ ಶಿಖರಕ್ಕೆ ಹೋಗಿ. ಆದರೆ ಮೋಡ ಕವಿದ ದಿನ ಹೋದರೆ ದುಡ್ಡು ದಂಡ. ಬೆಳಿಗ್ಗೆ ತುದಿಯ ವೆಬ್‌ಕ್ಯಾಮ್ ನೋಡಿ ಆಮೇಲೆ ಟಿಕೆಟ್ ತೆಗೆಯಿರಿ.

ಸಾಲ್ಜ್‌ಬರ್ಗ್‌ನಿಂದ ಒಂದು ದಿನ ಸರೋವರದ ದಡದ ಪುಟ್ಟ ಊರು ಹಾಲ್‌ಸ್ಟಾಟ್‌ಗೆ ಹೋಗಿಬರಬಹುದು. ಆಟ್ನಾಂಗ್ ಪುಹೈಮ್‌ನಲ್ಲಿ ರೈಲು ಬದಲಿಸಬೇಕು, ಎರಡೂವರೆ ಗಂಟೆಯ ಹಾದಿ. ಸ್ಟೇಷನ್ ಇರುವುದು ಸರೋವರದ ಆಚೆ ದಡದಲ್ಲಿ. ರೈಲಿಗೆ ಹೊಂದಿಸಿದಂತೆ ದೋಣಿ ಬಂದು ಊರಿಗೆ ದಾಟಿಸುತ್ತದೆ. ಇಳಿದ ಕೂಡಲೇ ಸಂಜೆಯ ಕೊನೆಯ ದೋಣಿ ಎಷ್ಟಕ್ಕೆ ಅಂತ ಫಲಕದ ಫೋಟೋ ತೆಗೆದುಕೊಳ್ಳಿ. ಸುತ್ತ ಬೆಟ್ಟ ಇರುವುದರಿಂದ ಬಿಸಿಲು ಬೇಗ ಹೋಗುತ್ತದೆ, ಬೆಳಿಗ್ಗೆಯ ಮೊದಲ ರೈಲುಗಳಲ್ಲೇ ಹೊರಡಿ. ಸಂಗೀತಪ್ರಿಯರಿಗೆ ಇನ್ನೊಂದು ದಾರಿ: ‘ಸೈಲೆಂಟ್ ನೈಟ್’ ಹಾಡು 1818ರ ಡಿಸೆಂಬರ್ 24ರಂದು ಮೊದಲು ಹಾಡಿದ್ದು ಹತ್ತಿರದ ಓಬರ್ನ್‌ಡೋರ್ಫ್‌ನಲ್ಲಿ. ಆ ಜಾಗದಲ್ಲಿ ಈಗ ಸಣ್ಣ ಪ್ರಾರ್ಥನಾ ಮಂದಿರ ಇದೆ.

ಹಂತ 10: ದುಡ್ಡು, ಔಷಧ, ಕೊನೆಯ ದಿನ

ಜರ್ಮನಿ, ಆಸ್ಟ್ರಿಯಾದಲ್ಲಿ ಯೂರೋ, ಚೆಕ್‌ನಲ್ಲಿ ಕೊರುನಾ. ಫಾರೆಕ್ಸ್ ಕಾರ್ಡ್‌ನಲ್ಲಿ ಯೂರೋ ಹಾಕಿಸಿ, ಜೊತೆಗೆ ಸ್ವಲ್ಪ ನಗದು ಇಡಿ. ಸಂತೆಯ ಎಷ್ಟೋ ಮಳಿಗೆಗಳಲ್ಲಿ ನಗದೇ ನಡೆಯುತ್ತದೆ. ಸ್ಟೇಷನ್ ಶೌಚಾಲಯಕ್ಕೆ ನಾಣ್ಯ ಬೇಕು. ಪ್ರಾಗ್‌ನ ಬೀದಿಯಲ್ಲಿ ಯಾರಾದರೂ ಬಂದು ಒಳ್ಳೆಯ ದರಕ್ಕೆ ನೋಟು ಬದಲಿಸಿಕೊಡುತ್ತೇನೆ ಅಂದರೆ ಸುಮ್ನೆ ಮುಂದೆ ಹೋಗಿ. ಕಾರ್ಡ್ ಯಂತ್ರ ‘ರೂಪಾಯಿಯಲ್ಲಿ ಕೊಡ್ತೀರಾ’ ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ಹಣವನ್ನೇ ಆರಿಸಿ. ರೂಪಾಯಿ ಒತ್ತಿದರೆ ಅವರ ದರ ನಿಮ್ಮ ತಲೆ ಮೇಲೆ.

ಜ್ವರ, ನೆಗಡಿ, ಹೊಟ್ಟೆಯ ಮಾತ್ರೆಗಳನ್ನು ಇಲ್ಲಿಂದಲೇ ಚೀಟಿ ಸಮೇತ ಒಯ್ಯಿರಿ. ಜರ್ಮನಿ, ಆಸ್ಟ್ರಿಯಾದಲ್ಲಿ ಪ್ಯಾರಾಸಿಟಮಾಲ್ ಕೂಡ ಔಷಧದಂಗಡಿಯಲ್ಲಿ ಮಾತ್ರ. ರಜೆಯ ದಿನ ಸರದಿಯ ಮೇಲೆ ಕೆಲವೇ ಅಂಗಡಿ ತೆರೆದಿರುತ್ತವೆ. ಯಾವುದು ಅಂತ ಮುಚ್ಚಿದ ಅಂಗಡಿಯ ಬಾಗಿಲ ಮೇಲೆ ಬರೆದಿರುತ್ತದೆ. ತುರ್ತಿಗೆ ಮೂರೂ ದೇಶಗಳಲ್ಲಿ 112.

ಜನವರಿ 1ಕ್ಕೆ ಎಲ್ಲ ಕಡೆ ಮತ್ತೆ ರಜೆ. ಹಾಗಾಗಿ ಮ್ಯೂನಿಕ್‌ನ ಖರೀದಿ 30, ಮತ್ತು 31ರ ಮಧ್ಯಾಹ್ನದೊಳಗೆ ಮುಗಿಯಬೇಕು. ಜರ್ಮನಿಯಲ್ಲಿ ಒಂದೇ ಬಿಲ್ 50 ಯೂರೋ ದಾಟಿದರೆ, ಆಸ್ಟ್ರಿಯಾದಲ್ಲಿ 75 ದಾಟಿದರೆ ತೆರಿಗೆ ವಾಪಸ್ ಪಡೆಯಬಹುದು. ಅಂಗಡಿಯಲ್ಲೇ ಪಾಸ್‌ಪೋರ್ಟ್ ತೋರಿಸಿ ಫಾರ್ಮ್ ತೆಗೆದುಕೊಳ್ಳಿ. ಕಸ್ಟಮ್ಸ್ ಮುದ್ರೆ ಬೀಳುವುದು ಯುರೋಪಿಯನ್ ಒಕ್ಕೂಟ ಬಿಡುವ ಕೊನೆಯ ವಿಮಾನ ನಿಲ್ದಾಣದಲ್ಲಿ. ಅಂದರೆ ವಿಯೆನ್ನಾದಲ್ಲಿ ಕೊಂಡದ್ದಕ್ಕೂ ಮುದ್ರೆ ಮ್ಯೂನಿಕ್‌ನಲ್ಲೇ. ಸಾಮಾನನ್ನು ಬಳಸದೆ, ಬಿಲ್ ಸಮೇತ, ಸೂಟ್‌ಕೇಸಿನ ಮೇಲ್ಭಾಗದಲ್ಲಿ ಕೈಗೆ ಸಿಗುವಂತೆ ಇಡಿ. ಅದನ್ನು ಲಗೇಜಿನಲ್ಲೇ ಕಳಿಸುವುದಾದರೆ ಚೆಕ್‌ಇನ್ ಕೌಂಟರ್‌ನಲ್ಲಿ ಮೊದಲೇ ಹೇಳಿ. ಪಟ್ಟಿ ಅಂಟಿಸಿ ಕೊಡುತ್ತಾರೆ, ಕಸ್ಟಮ್ಸ್‌ನವರು ನೋಡಿದ ಮೇಲೆ ಅಲ್ಲಿಂದಲೇ ಬೆಲ್ಟಿಗೆ ಹೋಗುತ್ತದೆ. ಇದಕ್ಕೆಲ್ಲ ಮಾಮೂಲಿಗಿಂತ ಒಂದು ಗಂಟೆ ಮುಂಚೆ ತಲುಪಬೇಕು. ಹೊಸ ವರ್ಷದ ಬೆಳಿಗ್ಗೆ ಊರಿನ ರೈಲುಗಳು ರಜೆಯ ವೇಳಾಪಟ್ಟಿಯಲ್ಲಿ ಓಡುತ್ತವೆ. ವಿಮಾನ ನಿಲ್ದಾಣದ ರೈಲಿನ ಸಮಯವನ್ನು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ.